ಅಜ್ಜನ ಯುದ್ಧಕಾಲದ ಕಾಗದಗಳಲ್ಲಿ ಯುದ್ಧವೂ ಇಲ್ಲ, ಅಜ್ಜಿಯ ಹೆಸರೂ ಇಲ್ಲ. ಇವನ್ನು ಹೇಗೆ ಓದಲಿ?

ಪ್ರಶ್ನೆ ಕೇಳಿದವರು: ಟ್ರಂಕಿನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಅಜ್ಜಿಯ ತಗಡಿನ ಟ್ರಂಕು ಇಳಿಸಿ ಒರೆಸುವಾಗ, ತಳದಲ್ಲಿ ಹಳೇ ಸೀರೆ ತುಂಡಿನಲ್ಲಿ ಕಟ್ಟಿಟ್ಟ ಗಂಟೊಂದು ಸಿಕ್ಕಿತು. ಬಿಚ್ಚಿದರೆ 31 ಕಾಗದ. ಎಲ್ಲವೂ ಅಜ್ಜನವು. ಎರಡನೇ ಮಹಾಯುದ್ಧದಲ್ಲಿ ಅಜ್ಜ ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಹಡಗು ಹತ್ತಿ ಹೋಗಿದ್ದರು ಅನ್ನುವಷ್ಟು ಮಾತ್ರ ನಮಗೆ ಗೊತ್ತಿತ್ತು. ನಾವು ಮಕ್ಕಳು ಕೇಳಿದರೆ "ಅಲ್ಲಿ ಬರೀ ಮರಳು ಕಣ್ರೋ" ಅಂದು ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಹಾಗಾಗಿ ಗಂಟು ಸಿಕ್ಕ ದಿನ ನನಗೆ ಅಜ್ಜನೇ ಮತ್ತೆ ಬಂದು ಕೂತು ಮಾತಾಡುತ್ತಾರೆ ಅನ್ನಿಸಿತ್ತು.

ಎರಡು ರಾತ್ರಿ ಕೂತು ಎಲ್ಲ ಓದಿದೆ. ಓದಿ ಮುಗಿಸಿದ ಮೇಲೆ ಅಳು ಬಂತು, ಆದರೆ ನಾನಂದುಕೊಂಡ ಕಾರಣಕ್ಕಲ್ಲ. ಅವುಗಳಲ್ಲಿ ಏನೂ ಇಲ್ಲ. ಹೆಚ್ಚು ಕಡಿಮೆ ಎಲ್ಲವೂ ಹೀಗೆ ಶುರು: "ತೀರ್ಥರೂಪು ಸಮಾನರಾದ ಅಣ್ಣನವರ ಪಾದಾರವಿಂದಗಳಲ್ಲಿ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇತ್ತ ನಾನು ಕ್ಷೇಮವಾಗಿದ್ದೇನೆ. ತಮ್ಮ ಕಡೆಯ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಸುತ್ತಿರಬೇಕು." ಆಮೇಲೆ ದುಡ್ಡು ತಲುಪಿತೇ, ಮಳೆ ಆಯಿತೇ, ಎತ್ತಿನ ಕಾಲು ವಾಸಿಯಾಯಿತೇ, ಬಾವಿಗೆ ಹೊಸ ಹಗ್ಗ ತಂದಿರಾ. ಈ ಬಾವಿ ಹಗ್ಗದ ಮಾತೇ ಏಳು ಕಾಗದಗಳಲ್ಲಿದೆ! ಕೊನೆಗೆ "ಮನೆಯಲ್ಲಿ ಎಲ್ಲರಿಗೂ ಕೇಳಿದೆನೆಂದು ತಿಳಿಸುವುದು."

ಅಜ್ಜ ಅಜ್ಜಿಯರ ಮದುವೆಯಾದದ್ದು 1940ರಲ್ಲಿ. ಮೊದಲ ಕಾಗದ 1941ರ ಆಗಸ್ಟ್, ಕೊನೆಯದು 1945ರ ಅಕ್ಟೋಬರ್. ಈ ನಾಲ್ಕು ವರ್ಷದಲ್ಲಿ ಅಜ್ಜಿಗೆ ಅಂತ ಒಂದು ಕಾಗದ ಇಲ್ಲ. ಅವಳ ಹೆಸರು ಒಂದು ಸಲವೂ ಇಲ್ಲ. ಅಜ್ಜಿ ಬದುಕಿದ್ದಾಗ ಇದನ್ನೆಲ್ಲ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಈಗ ರಾತ್ರಿ ಮಲಗಿದರೆ ಅದೇ ಯೋಚನೆ: ಅಜ್ಜನಿಗೆ ಅವಳ ನೆನಪೇ ಆಗಲಿಲ್ಲವೇ?

ಇನ್ನು ಕೆಲವು ವಿವರ, ಬಲ್ಲವರಿಗೆ ಉಪಯೋಗವಾಗಬಹುದು ಅಂತ. ಲಕೋಟೆಗಳ ಮೇಲೆ ಊರಿನ ಹೆಸರಿಲ್ಲದ ದುಂಡು ಮುದ್ರೆ, ಒಳಗೆ ನಂಬರು ಮತ್ತು ತಾರೀಖು. ಜೊತೆಗೆ ಇನ್ನೊಂದು ಮುದ್ರೆ, ಯಾರದೋ ಸಹಿ. ನಾಲ್ಕು ಕಾಗದಗಳಲ್ಲಿ ಕೆಲವು ಪದಗಳಿಗೆ ಕಪ್ಪು ಮಸಿ ಬಳಿದಿದೆ. ಮೊದಲ ಒಂಬತ್ತು ಕಾಗದಗಳ ಅಕ್ಷರ ಒಂದೊಂದು ತರಹ. ಹತ್ತನೆಯದರಿಂದ ಒಂದೇ ಕೈ, ದಪ್ಪ ದಪ್ಪ ಅಕ್ಷರ, ಒತ್ತುಗಳು ತಪ್ಪು. ನಡುವೆ ಒಂದು ಇಂಗ್ಲಿಷ್ ಅಚ್ಚಿನ ಕಾರ್ಡು, ಸಾಲುಗಳನ್ನು ಹೊಡೆದು ಹಾಕಿದೆ, ಕೆಳಗೆ ಅಜ್ಜನ ರುಜು. ನಕ್ಷತ್ರದ ಆಕಾರದ ಎರಡು ಪದಕಗಳೂ ಇವೆ. ಒಂದರ ರಿಬ್ಬನ್ ಮರಳಿನ ಬಣ್ಣ, ನಡುವೆ ಕೆಂಪು ಪಟ್ಟಿ. ಇನ್ನೊಂದು ಕೆಂಪು, ಬಿಳಿ, ಹಸಿರು.

ಉತ್ತರ 1: ಅಂಚೆ ಮುದ್ರೆ ಹವ್ಯಾಸಿ

ದಯವಿಟ್ಟು ಲಕೋಟೆಗಳನ್ನು ಬಿಸಾಡಬೇಡಿ, ಕಾಗದದಿಂದ ಬೇರೆ ಮಾಡಲೂಬೇಡಿ. ಯಾವ ಕಾಗದ ಯಾವ ಲಕೋಟೆಯದು ಅನ್ನುವುದು ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ಅಂಟು ಟೇಪು ಹಾಕುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಬೇಡ.

ಆ ದುಂಡು ಮುದ್ರೆ ಫೀಲ್ಡ್ ಪೋಸ್ಟ್ ಆಫೀಸಿನದು. ಪಡೆ ಎಲ್ಲಿದೆ ಅನ್ನುವುದು ಶತ್ರುವಿಗೆ ಗೊತ್ತಾಗಬಾರದೆಂದು ಊರಿನ ಬದಲು ನಂಬರು. ಪಡೆ ಮುಂದೆ ಹೋದ ಹಾಗೆ ಅಂಚೆ ಕಚೇರಿಯೂ ಅದೇ ನಂಬರು ಹೊತ್ತುಕೊಂಡು ಹಿಂದೆ ಹೋಗುತ್ತಿತ್ತು. ಹಾಗಾಗಿ ನಂಬರು ಒಂದನ್ನೇ ನೋಡಿದರೆ ಸಾಲದು, ತಾರೀಖಿನ ಜೊತೆ ಇಟ್ಟು ನೋಡಬೇಕು.

ಪದಕಗಳಿಂದ ದಾರಿ ಸ್ಪಷ್ಟವಾಗಿದೆ. ಮರಳಿನ ಬಣ್ಣದ್ದು ಆಫ್ರಿಕಾ ಸ್ಟಾರ್, ಇನ್ನೊಂದು ಇಟಲಿ ಸ್ಟಾರ್. ಅದರ ಬಣ್ಣಗಳು ಆ ದೇಶದ ಬಾವುಟದವೇ. ಮದ್ರಾಸ್ ಸ್ಯಾಪರ್ಸ್‌ನವರು, ಮರುಭೂಮಿ ಆಮೇಲೆ ಇಟಲಿ ಅಂದರೆ ನಾನು ಮೊದಲು ನೋಡುವುದು 4ನೇ ಇಂಡಿಯನ್ ಡಿವಿಷನ್ ಕಡೆಗೆ. ಈ ಡಿವಿಷನ್ 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಹತ್ತಿರದ ರುವೈಸತ್ ದಿಣ್ಣೆಯ ಮೇಲಿತ್ತು, 1943ರ ಮೇ ವರೆಗೆ ಟ್ಯುನೀಷಿಯಾದಲ್ಲಿ, 1944ರ ಫೆಬ್ರವರಿ ಮಾರ್ಚ್‌ನಲ್ಲಿ ಇಟಲಿಯ ಮಾಂಟೆ ಕಸೀನೋದಲ್ಲಿ. ಲಕೋಟೆಯ ಮೇಲೆ ಅಜ್ಜನ ಕಂಪನಿಯ, ಅಂದರೆ ಅವರ ತುಕಡಿಯ, ನಂಬರು ಇದ್ದರೆ ಖಾತ್ರಿ ಮಾಡಿಕೊಳ್ಳಬಹುದು. ಕಂಪನಿಯ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇರುತ್ತವೆ. ಮಧ್ಯಪ್ರಾಚ್ಯದವನ್ನು ಡಬ್ಲ್ಯೂಒ (ವಾರ್ ಆಫೀಸ್) 169 ಅನ್ನುವ ಕಡತಗಳ ಸಾಲಿನಲ್ಲಿ ಹುಡುಕಿ.

ಇನ್ನೊಂದು ಮುದ್ರೆ ಮತ್ತು ಸಹಿ ಸೆನ್ಸಾರ್‌ನದು. ಊರು, ಹಡಗು, ಪಡೆಯ ಹೆಸರು, ಎಲ್ಲಿಂದ ಎಲ್ಲಿಗೆ ಹೊರಟರು, ಎಷ್ಟು ಜನ ಸತ್ತರು, ಇದರಲ್ಲಿ ಒಂದನ್ನೂ ಬರೆಯುವಂತಿರಲಿಲ್ಲ. ಬರೆದರೆ ಮಸಿ. ನಮ್ಮ ಭಾಷೆಗಳ ಕಾಗದ ಓದಲು ಆ ಭಾಷೆ ಬಲ್ಲವರನ್ನೇ ಇಟ್ಟಿದ್ದರು. ಅವರ ಕೆಲಸ ಮಸಿ ಬಳಿಯುವುದಷ್ಟೇ ಅಲ್ಲ. ಸಿಪಾಯಿಗಳು ಮನೆಗೆ ಏನು ಬರೆಯುತ್ತಿದ್ದಾರೆ, ಮನೆಯಿಂದ ಏನು ಬರುತ್ತಿದೆ ಅಂತ ಸಾರಾಂಶ ತೆಗೆದು ಮೇಲಕ್ಕೆ ವರದಿ ಕಳಿಸುವುದೂ ಇತ್ತು. ಮಧ್ಯಪ್ರಾಚ್ಯದಲ್ಲಿದ್ದ ಭಾರತೀಯ ಪಡೆಗಳ ಪತ್ರಗಳ ಮೇಲಿನ ಇಂಥ ವರದಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಈಗಲೂ ಇವೆ.

ಅಚ್ಚಿನ ಕಾರ್ಡು ಫೀಲ್ಡ್ ಸರ್ವಿಸ್ ಪೋಸ್ಟ್ ಕಾರ್ಡ್. ಮೊದಲನೇ ಮಹಾಯುದ್ಧದಿಂದ ಬಂದದ್ದು. ನಾನು ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಕಾಗದ ಬಂತು, ಬಹಳ ದಿನದಿಂದ ಕಾಗದ ಬಂದಿಲ್ಲ, ಹೀಗೆ ಸಾಲುಗಳು ಅಚ್ಚಾಗಿರುತ್ತವೆ. ಬೇಡದ್ದನ್ನು ಹೊಡೆದು ಹಾಕಿ ರುಜು ಮತ್ತು ತಾರೀಖು ಹಾಕಬೇಕು. ಬೇರೆ ಒಂದು ಪದ ಬರೆದರೂ ಕಾರ್ಡನ್ನು ನಾಶ ಮಾಡಲಾಗುವುದು ಅಂತ ಅದರಲ್ಲೇ ಅಚ್ಚಾಗಿರುತ್ತದೆ. ನಿಮ್ಮ ಕಾರ್ಡಿನಲ್ಲಿ ಹೊಡೆಯದೆ ಉಳಿದ ಸಾಲು ಯಾವುದು? ತಾರೀಖು ಯಾವುದು? ಇವೆರಡನ್ನೂ ಮರೆಯದೆ ತಿಳಿಸಿ.

ಟ್ರಂಕಿನ ಮೊಮ್ಮಗಳು

ಸರ್, ಈಗ ಭೂತಗನ್ನಡಿ ಹಿಡಿದು ನೋಡಿದೆ. ತಾರೀಖು 22 ಮಾರ್ಚ್ 1944. ಉಳಿದಿರುವುದು ನಾಲ್ಕು ಸಾಲು. ಆಸ್ಪತ್ರೆಗೆ ಸೇರಿದ್ದೇನೆ, ಗಾಯವಾಗಿದೆ, ಗುಣವಾಗುತ್ತಿದೆ, ಅವಕಾಶ ಸಿಕ್ಕ ತಕ್ಷಣ ಕಾಗದ ಬರೆಯುತ್ತೇನೆ.

ಕೈ ನಡುಗುತ್ತಿದೆ. ಅಜ್ಜನಿಗೆ ಗಾಯವಾಗಿತ್ತು ಅನ್ನುವುದೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು, ವಯಸ್ಸಾಯಿತು ಅದಕ್ಕೆ ಅಂದುಕೊಂಡಿದ್ದೆವು. ಇದಾದ ಮೇಲಿನ ಕಾಗದ ಮೇ ತಿಂಗಳದ್ದು. ಅದರಲ್ಲಿ ಆಸ್ಪತ್ರೆಯ ಮಾತೇ ಇಲ್ಲ. "ಇತ್ತ ನಾನು ಕ್ಷೇಮವಾಗಿದ್ದೇನೆ, ಹಗ್ಗದ ವಿಷಯ ತಿಳಿಸಲಿಲ್ಲ" ಅಂತಿದೆ.

ಉತ್ತರ 2: ನಿವೃತ್ತ ಸುಬೇದಾರ್

ಅಮ್ಮಾ, ನಾನೂ ಅದೇ ಮದ್ರಾಸ್ ಸ್ಯಾಪರ್ಸ್‌ನವನು. ಈಗ ಮದ್ರಾಸ್ ಇಂಜಿನಿಯರ್ ಗ್ರೂಪ್ ಅನ್ನುತ್ತಾರೆ, ಕೇಂದ್ರ ಬೆಂಗಳೂರಿನಲ್ಲೇ ಇದೆ. ನಮ್ಮನ್ನು ಸೈನ್ಯದಲ್ಲೆಲ್ಲ ತಂಬಿ ಅಂತಲೇ ಕರೆಯುವುದು. ನಿಮ್ಮ ಅಜ್ಜನೂ ತಂಬಿ, ನಾನೂ ತಂಬಿ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

1944ರ ಮಾರ್ಚ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಸೀನೋ ಬೆಟ್ಟದ ತುದಿಯಲ್ಲಿ ಒಂದು ಮಠ, ಕೆಳಗೆ ಊರು, ಸುತ್ತ ಜರ್ಮನ್ ಫಿರಂಗಿ. ಆ ಚಳಿಗಾಲ ಮಳೆ, ಹಿಮ, ಕೆಸರು. ಊಟ, ನೀರು, ಮದ್ದುಗುಂಡು ಎಲ್ಲ ಹೇಸರಗತ್ತೆ ಮೇಲೆ ಇಲ್ಲವೇ ಮನುಷ್ಯರ ಬೆನ್ನ ಮೇಲೆ. ಅಂಥ ಕಡೆ ಸ್ಯಾಪರ್‌ಗಳು ಕತ್ತೆ ಹೋಗುವ ಕಾಲುದಾರಿಯನ್ನು ಕಡಿದು ಟ್ಯಾಂಕು ಹೋಗುವ ರಸ್ತೆ ಮಾಡಿದರು. ಕ್ಯಾವೆಂಡಿಷ್ ರೋಡ್ ಅಂತ ಅದಕ್ಕೆ ಹೆಸರು. ಮಾರ್ಚ್ 19ರಂದು ಟ್ಯಾಂಕುಗಳು ಅದೇ ದಾರಿಯಲ್ಲಿ ಹತ್ತಿದವು. ನಿಮ್ಮ ಕಾರ್ಡು ಅದಾದ ಮೂರನೇ ದಿನದ್ದು. ಅದಕ್ಕೂ ಒಂದು ತಿಂಗಳು ಮುಂಚೆ, ಫೆಬ್ರವರಿಯಲ್ಲಿ, ಅದೇ ಇಟಲಿಯಲ್ಲಿ ನಮ್ಮ ಸುಬೇದಾರ್ ಸುಬ್ರಮಣಿಯನ್ ಅವರು ಸಿಡಿಯಲಿದ್ದ ಮೈನ್ (ನೆಲಬಾಂಬು) ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದ್ದು. ಸತ್ತ ಮೇಲೆ ಜಾರ್ಜ್ ಕ್ರಾಸ್ ಅನ್ನುವ ಶೌರ್ಯ ಪದಕ ಕೊಟ್ಟರು. ನಿಮ್ಮ ಅಜ್ಜ 4ನೇ ಡಿವಿಷನ್‌ನವರೇ ಆಗಿದ್ದರೆ ಈ ಸುದ್ದಿ ಅವರ ಕಿವಿಗೆ ಬೀಳದೆ ಇರಲು ಸಾಧ್ಯವಿಲ್ಲ. ಆದರೂ ಕಾಗದದಲ್ಲಿ ಎತ್ತಿನ ಕಾಲು ವಿಚಾರಿಸುತ್ತಿದ್ದಾರೆ.

ಇದು ಸೆನ್ಸಾರ್ ಭಯ ಮಾತ್ರ ಅಲ್ಲ. ನಾನು 1987ರ ಅಕ್ಟೋಬರ್‌ನಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಗೆ ಹೋದವನು, 1989ರವರೆಗೆ ಇದ್ದೆ. ಜಾಫ್ನಾ ಕಡೆ ಬೆಳಗಾಗುವ ಮುಂಚೆ ರಸ್ತೆ ತೆರೆಯುವುದು ನಮ್ಮ ಕೆಲಸ. ಲಾರಿಗಳು ಹೊರಡುವ ಮೊದಲು ನಾವು ನಡೆದು ಹೋಗಿ ಮೈನ್ ಹೂತಿದೆಯಾ ಅಂತ ಮಣ್ಣು ನೋಡಬೇಕು. ಹೊಸದಾಗಿ ಅಗೆದ ಮಣ್ಣಿನ ಬಣ್ಣ ಬೇರೆ, ತಂತಿ ಎಳೆದ ಗೆರೆ ಬೇರೆ. ಒಂದು ದಿನ ನಮ್ಮ ಇಬ್ಬರು ಹುಡುಗರು ಹೋದರು. ಅವತ್ತು ರಾತ್ರಿ ಟಾರ್ಚ್ ಬೆಳಕಿನಲ್ಲಿ ಮನೆಗೆ ಬರೆದೆ. "ಇಲ್ಲಿ ಎಲ್ಲ ಆರಾಮ. ಊಟ ಚೆನ್ನಾಗಿದೆ. ಪಾಪುಗೆ ಹಲ್ಲು ಬಂತಾ?" ನನ್ನ ಕೈ ಹಿಡಿದು ತಡೆದವರು ಯಾರೂ ಇರಲಿಲ್ಲ. ಬರೆಯಲಾಗಲಿಲ್ಲ, ಅಷ್ಟೇ. ಬರೆದರೆ ಅವಳು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ನನ್ನ ಇನ್ನೊಂದು ಕಾಗದ ಬರುವವರೆಗೆ ಹದಿನೈದು ದಿನ, ಇಪ್ಪತ್ತು ದಿನ ಅದನ್ನೇ ಹೊತ್ತುಕೊಂಡು ಮನೆಗೆಲಸ ಮಾಡಬೇಕು. ಮತ್ತೆ, ಬರೆಯುವ ಆ ಅರ್ಧ ಗಂಟೆ ನಾನು ಮನೆಯಲ್ಲಿರುತ್ತಿದ್ದೆ. ಅಲ್ಲಿಗೂ ರಸ್ತೆಯನ್ನು ಕರೆದುಕೊಂಡು ಹೋಗುವ ಮನಸ್ಸಿರಲಿಲ್ಲ.

ನಮಗೆ ಬರುವ ಕಾಗದಕ್ಕೆ ವಿಳಾಸ ಅಂದರೆ ನಂಬರು, ಹೆಸರು, ಯೂನಿಟ್, ಕೇರ್ ಆಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಅಂಚೆ ಚೀಲ ಬಂದ ದಿನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಯಾರಿಗೆ ಬಂತು ಯಾರಿಗೆ ಬರಲಿಲ್ಲ ಅಂತ. ಬರದವನಿಗೆ ಬಂದವನು ತನ್ನದನ್ನೇ ಓದಲು ಕೊಡುತ್ತಿದ್ದ. ಯಾರದೋ ತಂಗಿ ಮದುವೆ ಮಾತುಕತೆಯನ್ನು ಇಡೀ ಸೆಕ್ಷನ್ ಕೂತು ಚರ್ಚೆ ಮಾಡಿದ್ದೇವೆ. ಮೂರು ಕಾಗದ ಒಟ್ಟಿಗೆ ಬಂದು, ಕೊನೆಯದನ್ನು ಮೊದಲು ಒಡೆದು, ಅಪ್ಪ ಈಗ ಎದ್ದು ಓಡಾಡುತ್ತಿದ್ದಾರೆ ಅಂತ ಓದಿ, ಕಾಯಿಲೆ ಬಿದ್ದದ್ದು ಯಾವಾಗ ಅಂತ ಎದೆ ಹಾರಿದ್ದೂ ಇದೆ. ಆಮೇಲೆ ನಾನು, ನನ್ನವಳು ಇಬ್ಬರೂ ಕಾಗದದ ಮೂಲೆಗೆ ನಂಬರು ಹಾಕತೊಡಗಿದೆವು. 1, 2, 3. ನಡುವೆ ಒಂದು ಬರದಿದ್ದರೆ ಕಳೆದುಹೋಗಿದೆ ಅಂತ ತಿಳಿಯುತ್ತಿತ್ತು. ನಿಮ್ಮಲ್ಲಿರುವ 31 ಕಾಗದಕ್ಕೆ ನಂಬರು ಇದೆಯಾ ನೋಡಿ. ಇವಿಷ್ಟೇ ಬರೆದದ್ದು ಅಂತ ತೀರ್ಮಾನ ಮಾಡಬೇಡಿ. ಮುಳುಗಿದ ಹಡಗುಗಳಲ್ಲಿ ಅಂಚೆ ಚೀಲಗಳೂ ಮುಳುಗಿವೆ.

ಅಕ್ಷರ ಬದಲಾದ ವಿಷಯ. ಮೊದಲ ಒಂಬತ್ತು ಕಾಗದ ಬೇರೆಯವರ ಕೈಲಿ ಬರೆಸಿದ್ದು. ನಿಮ್ಮ ಅಜ್ಜ ಸೈನ್ಯಕ್ಕೆ ಸೇರುವಾಗ ಬರೆಯಲು ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಆಗ ಸೈನ್ಯದಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಉರ್ದು. ಕನ್ನಡ ಅಕ್ಷರ ಕಲಿಯಬೇಕಾದರೆ ಜೊತೆಯವನೊಬ್ಬನನ್ನು ಹಿಡಿದು, ಕೆಲಸ ಮುಗಿದ ಮೇಲೆ, ಬೇರೆ ಭಾಷೆಯವರ ನಡುವೆ ಕೂತು ಕಲಿಯಬೇಕು. ಮಲಗುವ ಹೊತ್ತನ್ನು ಬಿಟ್ಟು ಒಬ್ಬ ಮನುಷ್ಯ ಇದನ್ನು ಯಾಕೆ ಮಾಡುತ್ತಾನೆ, ಯೋಚನೆ ಮಾಡಿ. ಅಣ್ಣನಿಗೆ ಕ್ಷೇಮ ಸಮಾಚಾರ ತಿಳಿಸುವುದಕ್ಕೆ ಬೇರೆಯವರ ಕೈಬರಹವೇ ಸಾಕಿತ್ತಲ್ಲ.

ಹತ್ತನೇ ಕಾಗದವನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಮತ್ತೆ, ಲಕೋಟೆ ಮೇಲಿರುವ ಸೈನ್ಯದ ನಂಬರು ಹಿಡಿದು ಬೆಂಗಳೂರಿನ ನಮ್ಮ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಹಾಕಿ.

ಉತ್ತರ 3: ಬಾಗಿಲ ಹಿಂದಿನವಳು

ಮಗೂ, ನನಗೀಗ 74. ಮೊಮ್ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. 1971ರ ಯುದ್ಧದಲ್ಲಿ ನಮ್ಮ ಯಜಮಾನರು ಪೂರ್ವದ ಕಡೆ ಇದ್ದರು. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಕಾಗದ ಬರುತ್ತಿದ್ದದ್ದು ಮಾವನವರ ಹೆಸರಿಗೆ. ಅವರು ಜಗಲಿ ಮೇಲೆ ಕೂತು ಕನ್ನಡಕ ಒರೆಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಅತ್ತೆ, ಭಾವ, ಪಕ್ಕದ ಮನೆಯವರು, ಕಾಗದ ತಂದ ಪೋಸ್ಟ್‌ಮ್ಯಾನ್ ಕೂಡ ನಿಂತು ಕೇಳುತ್ತಿದ್ದ. ನಾನು ಬಾಗಿಲ ಹಿಂದೆ. ಅಷ್ಟು ಜನರ ಎದುರು ಓದುವ ಕಾಗದದಲ್ಲಿ ಹೆಂಡತಿ ಹೆಸರು ಬರೆದರೆ ನಾಚಿಕೆಯಿಂದ ಸಾಯಬೇಕಾದವಳು ಹೆಂಡತಿ. ಅದು ಅವರಿಗೆ ಗೊತ್ತಿತ್ತು. 1971ರಲ್ಲೇ ಹೀಗೆ. ನಿಮ್ಮಜ್ಜಿಯ ಕಾಲ ಇನ್ನೂ ಮೂವತ್ತು ವರ್ಷ ಹಿಂದಿನದು.

ತಂತಿ ಅಂದರೆ ಸಾವು. ಡಿಸೆಂಬರ್‌ನಲ್ಲಿ ಒಂದು ದಿನ ತಂತಿಯವನ ಸೈಕಲ್ಲು ನಮ್ಮ ಬೀದಿಗೆ ತಿರುಗಿದ್ದು ನೋಡಿಯೇ ಅತ್ತೆ ಕುಸಿದು ಕೂತರು. ಅವನು ನಮ್ಮ ಮನೆ ದಾಟಿ ಮುಂದೆ ಹೋದ. ಅವತ್ತಿಡೀ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆ ತಂತಿ ಯಾರ ಮನೆಗೆ ಹೋಯಿತೋ ಅವರನ್ನು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಅಂಥ ದಿನಗಳಲ್ಲಿ "ಕ್ಷೇಮವಾಗಿದ್ದೇನೆ" ಅನ್ನುವ ಒಂದು ಪದ ಸಾಕಾಗುತ್ತಿತ್ತು ಕಣಮ್ಮ. ಅದನ್ನು ಏನೂ ಇಲ್ಲ ಅನ್ನಬೇಡ.

ನನ್ನದು ಎರಡೇ ಪ್ರಶ್ನೆ. ಕಾಗದ ಬಂದದ್ದು ಅಣ್ಣನ ಹೆಸರಿಗೆ ಅನ್ನುತ್ತೀಯ, ಆದರೆ ಸಿಕ್ಕಿದ್ದು ಅಜ್ಜಿಯ ಟ್ರಂಕಿನಲ್ಲಿ. ಹೇಗೆ? ಇನ್ನೊಂದು, ನಿಮ್ಮ ಮನೆಯಲ್ಲಿ ಆಗ ಬಾವಿಯಿಂದ ನೀರು ಸೇದುತ್ತಿದ್ದವರು ಯಾರು?

ಟ್ರಂಕಿನ ಮೊಮ್ಮಗಳು

ನಾಲ್ಕು ದಿನ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಅಮ್ಮ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಕೂತುಬಿಟ್ಟೆ.

ಆ ಅಣ್ಣನ, ಅಂದರೆ ದೊಡ್ಡಜ್ಜನ, ಮಗಳೊಬ್ಬರು ಇದ್ದಾರೆ, 89 ವರ್ಷ, ನಾವು ದೊಡ್ಡತ್ತೆ ಅನ್ನುತ್ತೇವೆ. ಕಿವಿ ಮಂದ, ನೆನಪು ಚೆನ್ನಾಗಿದೆ. ಫೋನಿನಲ್ಲಿ ಆಗುವುದಿಲ್ಲ ಅಂತ ಹೋಗಿಯೇ ಕೇಳಿದೆ. ನೀರು ಸೇದುತ್ತಿದ್ದದ್ದು ಅಜ್ಜಿ. ಕಿರಿಯ ಸೊಸೆ, ಮನೆಗೂ ದನಗಳಿಗೂ ಅವಳೇ ಸೇದಬೇಕು. ರಾಟೆ ಇರಲಿಲ್ಲ, ಕಲ್ಲಿನ ಅಂಚಿಗೆ ಹಗ್ಗ ಉಜ್ಜಿ ಎಳೆಯುವುದು. ಹಗ್ಗ ಹಳತಾದರೆ ನಾರು ಎದ್ದು ಅಂಗೈ ಸಿಗಿಯುತ್ತಿತ್ತಂತೆ. "ನಿಮ್ಮಜ್ಜಿ ಅಂಗೈಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದಳು, ನಾನು ಊದುತ್ತಿದ್ದೆ" ಅಂದರು.

ಕಾರ್ಡಿನ ವಿಷಯವೂ ಅವರಿಗೆ ನೆನಪಿದೆ. ಇಂಗ್ಲಿಷ್ ಓದಲು ಬಾರದೆ ಶಾಲೆ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿದ್ದರಂತೆ. ಮೇಷ್ಟ್ರು ಬಹಳ ಹೊತ್ತು ನೋಡಿ "ಗುಣವಾಗಿದ್ದಾನಂತೆ, ಕಾಗದ ಬರೆಯುತ್ತಾನಂತೆ" ಅಂದರಂತೆ. ಗಾಯ, ಆಸ್ಪತ್ರೆ ಎರಡೂ ಅವರ ಬಾಯಿಂದ ಬರಲಿಲ್ಲ. ಹಾಗಾಗಿ ನಮ್ಮ ಮನೆಗೆ ಆ ಸುದ್ದಿ ತಲುಪಿದ್ದು ಹೋದ ವಾರ. ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ.

ದೊಡ್ಡಜ್ಜ ಕಾಗದ ಓದಿ ಮುಗಿಸಿ ಗೂಡಿನಲ್ಲಿ ಇಡುತ್ತಿದ್ದರಂತೆ. ಸಂಜೆಗೆ ಅದು ಅಲ್ಲಿ ಇರುತ್ತಿರಲಿಲ್ಲ. ಯಾರು ತೆಗೆದರು ಅಂತ ಅವರು ಒಂದು ದಿನವೂ ಕೇಳಲಿಲ್ಲವಂತೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಅದು ನನಗೂ ಗೊತ್ತು.

ಸುಬೇದಾರ್ ಸರ್, ಕಾಗದಗಳಿಗೆ ನಂಬರಿಲ್ಲ. ಆದರೆ ನೀವು ಹೇಳಿದ ಹಾಗೆ ಹತ್ತನೆಯದನ್ನು ಮತ್ತೆ ಓದಿದೆ. 1942ರ ನವೆಂಬರ್. ಬರೀ ಐದು ಸಾಲು. "ಈ ಕಾಗದ ನಾನೇ ಬರೆದದು. ತಪ್ಪು ಇದರೆ ಮನಿಸುವುದು" ಅಂತ ಶುರುವಾಗುತ್ತದೆ. ಹಗ್ಗದ ಮಾತು ಮೊದಲ ಸಲ ಬರುವುದು ಇದರಲ್ಲೇ. ಬೇರೆಯವರು ಬರೆದುಕೊಟ್ಟ ಒಂಬತ್ತು ಕಾಗದಗಳಲ್ಲಿ ಆ ಮಾತಿಲ್ಲ.

ಆಮೇಲೆ ಎಲ್ಲವನ್ನೂ ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿ ಜೋಡಿಸಿದೆ. ಹಗ್ಗ ಕೇಳಿದ ಏಳನೇ ಕಾಗದ 1944ರ ಸೆಪ್ಟೆಂಬರ್‌ನದು. ಅದರಲ್ಲಿ ಹಗ್ಗದ ಜೊತೆ ಇನ್ನೊಂದು ಸಾಲು ಸೇರಿದೆ: "ಈ ಸಲದ ದುಡಿನಲಿ ಬೇರೆ ಯಾವ ಕೆಲಸವೂ ಬೇಡ. ಬಾವಿಗೆ ರಾಟೆ ಹಾಕಿಸುವುದು." ಅಣ್ಣನಿಗೆ ಅವರು ಹೀಗೆ ಅಪ್ಪಣೆ ಕೊಟ್ಟ ಹಾಗೆ ಬರೆದದ್ದು ಇಡೀ ಗಂಟಿನಲ್ಲಿ ಇದೊಂದೇ ಕಡೆ. ಅದರ ಮುಂದಿನದು 1945ರ ಜನವರಿ. ಎಂದಿನಂತೆ ತೀರ್ಥರೂಪು, ಉಭಯಕುಶಲೋಪರಿ, ಎಲ್ಲ ಇದೆ. ಆಮೇಲೆ "ರಾಟೆ ಹಾಕಿಸಿದ ವಿಷಯ ತಿಳಿದು ಬಹಳ ಸಂತೋಷ ಆಯಿತು" ಅಂತ ಬರೆದು, ಅದರ ಕೆಳಗೆ ಅದೇ ಸಾಲನ್ನು ಇನ್ನೊಂದು ಸಲ ಬರೆದಿದ್ದಾರೆ.